ಸಣ್ಣ ಕೊಳವೆಯ ದೊಡ್ಡ ದನಿ

ಮೈಸೂರು ದಸರೆಯಲ್ಲಿ ಪೊಲೀಸ್ ಬ್ಯಾಂಡ್ ನುಡಿಸುವುದನ್ನು ಕಂಡವರಿಗೆ ಆ ವಾದ್ಯ ನೆನಪಿರಬಹುದು. ವಾದಕ ತುಟಿಗೆ ಹಿತ್ತಾಳೆ ಕೊಳವೆಯೊಂದನ್ನು ಒತ್ತಿಕೊಂಡು, ಬಲಗೈಯಿಂದ ಅದರ ಮುಂಭಾಗವನ್ನು ಒಮ್ಮೆ ತಳ್ಳುತ್ತಾ ಒಮ್ಮೆ ಎಳೆಯುತ್ತಾ ನುಡಿಸುತ್ತಿರುತ್ತಾನೆ. ಅದೇ ಟ್ರಾಂಬೋನ್. ಟ್ರಂಪೆಟ್‌ಗೆ ಇರುವಂತೆ ಬೆರಳಿನಿಂದ ಒತ್ತುವ ಕೀಲಿಗಳು ಇದಕ್ಕಿಲ್ಲ. ಕೊಳವೆ ಉದ್ದವಾದಂತೆ ಸ್ವರ ಇಳಿಯುತ್ತದೆ, ಕಿರಿದಾದಂತೆ ಏರುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯದೆ ಜಾರಿಕೊಂಡೇ ಹೋಗಬಹುದು. ಕರ್ನಾಟಕ ಸಂಗೀತದ 'ಜಾರು' ಗಮಕ ಕೇಳಿ ಬೆಳೆದ ಕಿವಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದ ಜಾಝ್ ಸಂಗೀತ ತನ್ನ ನಗು, ಅಳು, ತುಂಟತನಗಳನ್ನೆಲ್ಲ ಈ ಜಾರುವ ದನಿಯಲ್ಲಿ ಕಂಡುಕೊಂಡಿತು. ಆ ಕಾಲದ ಟ್ರಾಂಬೋನ್‌ಗಳು ಇಂದಿನವಕ್ಕಿಂತ ಸಣ್ಣವು. ಅಂಗಡಿಯಲ್ಲಿ ಹೊಳೆಯುವ ಹೊಸ ವಾದ್ಯಗಳಿರುವಾಗ, ಅರವತ್ತು ಎಪ್ಪತ್ತು ವರ್ಷ ಹಳೆಯದಾದ, ಬಣ್ಣ ಮಾಸಿದ ಸಣ್ಣ ಟ್ರಾಂಬೋನನ್ನು ಹುಡುಕಿಕೊಂಡು ಹೋಗುವ ವಾದಕರು, ಸಂಗ್ರಾಹಕರು ಈಗಲೂ ಇದ್ದಾರೆ. ಇದು ಬರೀ ಹಳೆಯದರ ಮೋಹವೇ?

ಕೂದಲೆಳೆಯ ಲೆಕ್ಕ

'ಸಣ್ಣದು' ಎಂದರೆ ಇಲ್ಲಿ ಉದ್ದದ ಮಾತಲ್ಲ. ಸಾಮಾನ್ಯ ಟೆನರ್ ಟ್ರಾಂಬೋನಿನ ಕೊಳವೆಯನ್ನು ಬಿಡಿಸಿ ನೇರಮಾಡಿದರೆ ಸುಮಾರು 9 ಅಡಿ ಆಗುತ್ತದೆ. ಸಣ್ಣದಕ್ಕೂ ದೊಡ್ಡದಕ್ಕೂ ಅಷ್ಟೇ. ವ್ಯತ್ಯಾಸ ಇರುವುದು ಕೊಳವೆಯ ಒಳವ್ಯಾಸದಲ್ಲಿ. ಜಾಝ್ ವಾದಕರ ಅಚ್ಚುಮೆಚ್ಚಿನ 'ಕಿಂಗ್ 2ಬಿ'ಯ ಹಳೆಯ ಮಾದರಿಯಲ್ಲಿ ಇದು 0.481 ಅಂಗುಲ. ಇಂದಿನ ಸಿಂಫನಿ ವಾದ್ಯವೃಂದದಲ್ಲಿ ಬಳಸುವ ಟೆನರ್ ಟ್ರಾಂಬೋನಿನಲ್ಲಿ 0.547 ಅಂಗುಲ. ಎರಡು ಮಿಲಿಮೀಟರ್ ಕೂಡ ವ್ಯತ್ಯಾಸವಿಲ್ಲ. ಆದರೆ ಉಸಿರು ಸಾಗುವ ದಾರಿಯ ವಿಸ್ತೀರ್ಣ ಲೆಕ್ಕಹಾಕಿದರೆ ದೊಡ್ಡದು ಶೇ 29ರಷ್ಟು ಹೆಚ್ಚು ಅಗಲ.

ಕೊಳವೆ ಕಿರಿದಾದಷ್ಟೂ ಅದರೊಳಗಿನ ಶಬ್ದದ ಒತ್ತಡ ಹೆಚ್ಚು. ಜೋರಾಗಿ ಊದಿದಾಗ ಶಬ್ದದ ಅಲೆ ಕೊಳವೆಯುದ್ದಕ್ಕೂ ಸಾಗುತ್ತಾ ಕಡಿದಾಗುತ್ತದೆ. ದನಿಗೆ ಹಿತ್ತಾಳೆಯ ಖಣಿ, ಹೊಳಪು ಬರುತ್ತದೆ. ದೊಡ್ಡ ವಾದ್ಯದಲ್ಲಿ ದನಿ ದುಂಡಗೆ, ಗಂಭೀರವಾಗಿ ಉಳಿದು ಉಳಿದ ವಾದ್ಯಗಳೊಡನೆ ಬೆರೆಯುತ್ತದೆ. ಸಣ್ಣ ವಾದ್ಯದ ದನಿ ಹದಿನೈದು ಜನರ ಬ್ಯಾಂಡಿನ ನಡುವೆಯೂ ಎದ್ದು ಕೇಳುತ್ತದೆ. ಕಡಿಮೆ ಉಸಿರು ಸಾಕು. ತಾರಸ್ಥಾಯಿಯಲ್ಲಿ ಹೆಚ್ಚು ಹೊತ್ತು ನಿಂತರೂ ವಾದಕ ಬೇಗ ದಣಿಯುವುದಿಲ್ಲ.

ನಾಲ್ವರು ವಾದಕರು

ಲೂಸಿಯಾನದಲ್ಲಿ ಹುಟ್ಟಿದ ಕಿಡ್ ಓರಿ (1886-1973) ನ್ಯೂ ಆರ್ಲಿಯನ್ಸ್ ಶೈಲಿಯ ಹಿರಿಯ. ಆ ನಗರದ ಬ್ಯಾಂಡುಗಳು ಬಂಡಿ ಏರಿ ಬೀದಿಬೀದಿ ಸುತ್ತುತ್ತಿದ್ದವು. ಸ್ಲೈಡ್ ಯಾರಿಗೂ ತಗಲದಿರಲೆಂದು ಟ್ರಾಂಬೋನ್ ವಾದಕನನ್ನು ಬಂಡಿಯ ಹಿಂತುದಿಯಲ್ಲಿ ಕೂರಿಸುತ್ತಿದ್ದರಂತೆ. ಟೆಕ್ಸಾಸ್‌ನ ಜ್ಯಾಕ್ ಟೀಗಾರ್ಡನ್ (1905-1964) ಮಾತನಾಡಿದಷ್ಟೇ ಸಲೀಸಾಗಿ ನುಡಿಸಿದ. ಟಾಮಿ ಡಾರ್ಸಿ (1905-1956) ಎತ್ತರದ ಸ್ವರಗಳಲ್ಲಿ ಎಣ್ಣೆಯ ಧಾರೆಯಂತೆ ತುಂಡಾಗದ ರಾಗ ಹರಿಸಿದ. 1940ರಲ್ಲಿ ಅವನ ಬ್ಯಾಂಡಿಗೆ ಸೇರಿದ ಗಾಯಕ ಫ್ರ್ಯಾಂಕ್ ಸಿನಾಟ್ರಾ, ಉಸಿರು ಹಿಡಿದು ಸಾಲು ಮುಗಿಸುವುದನ್ನು ಕಲಿತದ್ದು ಡಾರ್ಸಿಯ ಟ್ರಾಂಬೋನ್ ನೋಡಿ ಎಂದು ಹೇಳಿಕೊಂಡಿದ್ದಾನೆ. ಮುಂದೆ ಬೀಬಾಪ್ ಕಾಲದ ಜೆ.ಜೆ. ಜಾನ್ಸನ್ (1924-2001) ಎಷ್ಟು ಚುರುಕಾಗಿ ನುಡಿಸಿದನೆಂದರೆ, ಅವನ ಕೈಯಲ್ಲಿರುವುದು ಕೀಲಿಯ ಟ್ರಾಂಬೋನ್ ಇರಬೇಕೆಂದು ಕೇಳಿದವರು ಭಾವಿಸಿದ್ದುಂಟು.

ಎರಡನೇ ಮಹಾಯುದ್ಧದ ನಂತರ ಗಾಳಿ ಬದಲಾಯಿತು. ದೊಡ್ಡ ಜಾಝ್ ಬ್ಯಾಂಡುಗಳು ಒಂದೊಂದಾಗಿ ಚದುರಿದವು. ಸಿಂಫನಿ ವಾದ್ಯವೃಂದಗಳು ಅಗಲ ಕೊಳವೆಯ ವಾದ್ಯಗಳನ್ನು ನೆಚ್ಚಿಕೊಂಡವು. ಬ್ರಿಟನ್ನಿನ ವಾದ್ಯವೃಂದಗಳೂ 1950ರ ದಶಕದಲ್ಲಿ ಅದೇ ಹಾದಿ ಹಿಡಿದವು. ಸಂಗೀತ ಕಾಲೇಜುಗಳಲ್ಲೂ ಅಗಲ ಕೊಳವೆಯೇ ರೂಢಿಯಾಯಿತು. ಹಳೆಯ ಸಣ್ಣ ವಾದ್ಯಕ್ಕೆ 'ಪೀಶೂಟರ್' ಎಂಬ ಅಡ್ಡಹೆಸರು ಅಂಟಿಕೊಂಡಿತು. ಅಂದರೆ ಮಕ್ಕಳು ಬಟಾಣಿ ಕಾಳು ಊದಿ ಹಾರಿಸುವ ಕೊಳವೆ!

ಊರ ಹೆಸರೇ ಗುರುತು

ಸಂಗ್ರಾಹಕರು ಇಂಥ ವಾದ್ಯ ಸಿಕ್ಕರೆ ಮೊದಲು ನೋಡುವುದು ಅದರ ಬಾಯಿಯ ಮೇಲೆ ಕೆತ್ತಿದ ಊರಿನ ಹೆಸರನ್ನು. ಕ್ಲೀವ್‌ಲ್ಯಾಂಡ್ ಎಂದಿದ್ದರೆ ಅದು ಎಚ್.ಎನ್. ವೈಟ್ ಕಂಪನಿಯ 'ಕಿಂಗ್'. ಕಾರ್ಖಾನೆ 1960ರ ದಶಕದ ಮಧ್ಯದಲ್ಲಿ ಆ ಊರು ಬಿಟ್ಟಿತು. 'ಕಿಂಗ್' ಎಂದರೆ ರಾಜನಲ್ಲ. ವೈಟ್ ಜೊತೆ ಕೂತು ಮೊದಲ ಮಾದರಿ ರೂಪಿಸಿದ ವಾದಕ ಥಾಮಸ್ ಕಿಂಗ್‌ನ ಹೆಸರು. ಮೌಂಟ್ ವರ್ನನ್ ಎಂದಿದ್ದರೆ ವಿನ್ಸೆಂಟ್ ಬಾಕ್ 1953ರಿಂದ ಸುಮಾರು ಹನ್ನೆರಡು ವರ್ಷ ಅಲ್ಲಿ ತಯಾರಿಸಿದ ವಾದ್ಯಗಳಲ್ಲೊಂದು. ಲಾಸ್ ಏಂಜಲೀಸ್ ಎಂದಿದ್ದರೆ ಓಲ್ಡ್ಸ್. ಆ ಕಂಪನಿ 1979ರಲ್ಲಿ ಬಾಗಿಲು ಮುಚ್ಚಿತು. ಕಾರ್ಖಾನೆ ಮಾರಾಟವಾದಾಗ, ಊರು ಬದಲಿಸಿದಾಗ ಹಳೆಯ ಕಸುಬುದಾರರೆಲ್ಲ ಜೊತೆಗೆ ಹೋಗುವುದಿಲ್ಲ. ಊರ ಹೆಸರಿಗೆ ಬೆಲೆ ಬಂದಿರುವುದು ಅದಕ್ಕೇ.

ವಾದಕನಿಗೂ ಸಂಗ್ರಾಹಕನಿಗೂ ಜಗಳ ಬರುವುದು ಇಲ್ಲೇ. ಸಂಗ್ರಾಹಕನಿಗೆ ಮೂಲ ಮೆರುಗೆಣ್ಣೆ, ಮೂಲ ಕೆತ್ತನೆ ಕೆಡಬಾರದು. ವಾದಕನಿಗೆ ಸ್ಲೈಡ್ ಹಗುರವಾಗಿ ಜಾರಬೇಕು. ಒಂದರೊಳಗೊಂದು ಸರಿಯುವ ಎರಡು ಕೊಳವೆಗಳ ನಡುವೆ ಇರುವ ಸಂದು ಕೂದಲೆಳೆಯಷ್ಟು. ಒಂದು ಸಣ್ಣ ತಗ್ಗು ಬಿದ್ದರೂ ಕೈ ತಡೆಯುತ್ತದೆ. ಇದಕ್ಕಿಂತ ಕೆಟ್ಟದ್ದು ಒಳಗಿನ ಕೊರೆತ. ಬಾಯಿಯ ತೇವದಿಂದ ಹಿತ್ತಾಳೆಯಲ್ಲಿನ ಸತು ಕರಗಿಹೋಗಿ ಕೆಂಪು ಚುಕ್ಕೆಗಳು ಮೂಡುತ್ತವೆ; ಕೊನೆಗೆ ಕೊಳವೆಯೇ ತೂತಾಗುತ್ತದೆ. ನುಡಿಸಿದರೆ ಸವೆಯುತ್ತದೆ, ನುಡಿಸದೆ, ಒರೆಸದೆ ಪೆಟ್ಟಿಗೆಯಲ್ಲಿಟ್ಟರೂ ಕೊಳೆಯುತ್ತದೆ.

ಹಳೆಯದೆಂಬ ಒಂದೇ ಕಾರಣಕ್ಕೆ ಯಾವ ವಾದ್ಯವೂ ಚೆನ್ನಾಗಿ ನುಡಿಯುವುದಿಲ್ಲ. ಡಾರ್ಸಿಯ ಮಾದರಿಯ ಟ್ರಾಂಬೋನ್ ಕೊಂಡ ಮಾತ್ರಕ್ಕೆ ಡಾರ್ಸಿಯ ಉಸಿರು ಬರುವುದಿಲ್ಲ. ಆದರೆ ಆ ಸಂಗೀತ ರೂಪುಗೊಂಡದ್ದು ಆ ಕಿರಿದಾದ ಕೊಳವೆಯಲ್ಲಿ. ಅಗಲ ಕೊಳವೆಯಲ್ಲಿ ಅದೇ ಸ್ವರಗಳನ್ನು ನುಡಿಸಬಹುದು, ಅದೇ ದನಿ ಬಾರದು. ಡಾರ್ಸಿ, ಟೀಗಾರ್ಡನ್ ಇಬ್ಬರನ್ನೂ ಇಂದಿಗೂ ಧ್ವನಿಮುದ್ರಿಕೆಗಳಲ್ಲಿ ಕೇಳಬಹುದು, ನಿಜ. ಆದರೆ ಆ ದನಿ ಎದುರಿಗೆ, ಮೈಗೆ ತಾಗುವಷ್ಟು ಹತ್ತಿರದಲ್ಲಿ ಮೊಳಗಬೇಕಾದರೆ ಯಾರಾದರೂ ಆ ಮಾಸಿದ ಹಿತ್ತಾಳೆಯನ್ನು ಕೈಗೆತ್ತಿಕೊಂಡು ಊದಲೇಬೇಕು. ಗಾಜಿನ ಕಪಾಟಿನಲ್ಲಿ ಉಳಿಯುವುದು ಲೋಹ ಮಾತ್ರ.