ಹಳೆಯ ಜೀಪಿನ ತುಕ್ಕು ಹಿಡಿದ ಪೆಟ್ರೋಲ್ ಟ್ಯಾಂಕು

ಹಾಸನದ ಸುತ್ತಮುತ್ತಲ ಕಾಫಿ ತೋಟಗಳಲ್ಲಾಗಲಿ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಅಡಿಕೆ–ತೆಂಗಿನ ತೋಟಗಳಲ್ಲಾಗಲಿ ಹಳೆಯ ಜೀಪಿನ ಕೆಲಸ ಇನ್ನೂ ಮುಗಿದಿಲ್ಲ. ಎರಡನೆಯ ಮಹಾಯುದ್ಧದ ನಂತರ ಹರಾಜಿಗೆ ಬಂದ ಡಿಸ್ಪೋಸಲ್ ಜೀಪುಗಳನ್ನೂ, ಆಮೇಲೆ ನಮ್ಮ ದೇಶದಲ್ಲಿಯೇ ತಯಾರಾದ ಮಹೀಂದ್ರ ಜೀಪುಗಳನ್ನೂ ನಮ್ಮ ಹಿರಿಯರು ಗೊಬ್ಬರ, ಕೂಲಿಯಾಳು, ಚೀಲ ಎಲ್ಲಕ್ಕೂ ದುಡಿಸಿಕೊಂಡರು. ಎಂಜಿನ್ನು, ಗೇರು, ಬ್ರೇಕುಗಳ ಕಡೆ ಮಾಲೀಕರ ಗಮನ ಇದ್ದೇ ಇರುತ್ತದೆ. ಸೀಟಿನ ಕೆಳಗೆ ಅಡಗಿ ಕುಳಿತ ಟ್ಯಾಂಕಿನ ನೆನಪಾಗುವುದು ಮಾತ್ರ ಕೊಯ್ಲಿನ ಹೊತ್ತಿನಲ್ಲಿ, ಹೇರು ತುಂಬಿದ ಗಾಡಿ ಏರಿನಲ್ಲಿ ಕೆಮ್ಮಿ ನಿಂತಾಗ.

ಏರಿನಲ್ಲಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊರಡುವ ಗಾಡಿಯ ಕಾರ್ಬ್ಯುರೇಟರ್ ಬಿಚ್ಚುವ ಮೊದಲು ಎ.ಸಿ. ಪಂಪಿನ ಗಾಜಿನ ಬಟ್ಟಲನ್ನು ನೋಡಬೇಕು. ತಳದಲ್ಲಿ ಕೆಮ್ಮಣ್ಣಿನಂಥ ಪುಡಿ ಇದ್ದರೆ ರೋಗ ಟ್ಯಾಂಕಿನದು. ತುಕ್ಕಿನ ಚಕ್ಕೆ ಹೀರುಕೊಳವೆಯ ಬಾಯಿಗೆ ಅಂಟಿ ಪೆಟ್ರೋಲ್ ತಡೆಯುತ್ತದೆ. ಎಂಜಿನ್ನು ನಿಂತೊಡನೆ ಚಕ್ಕೆ ಕೆಳಗೆ ಬೀಳುತ್ತದೆ. ಅದಕ್ಕಾಗಿಯೇ ಗಾಡಿ ಮತ್ತೆ ಹೊರಡುವುದು.

ತುಕ್ಕು ಹೇಗೆ ಹಿಡಿಯುತ್ತದೆ? ಅರ್ಧ ತುಂಬಿದ ಟ್ಯಾಂಕಿನ ಖಾಲಿ ಜಾಗದಲ್ಲಿ ಗಾಳಿಯಿರುತ್ತದೆ. ರಾತ್ರಿ ಥಂಡಿಗೆ ಅದರ ತೇವ ಒಳಗೋಡೆಯ ಮೇಲೆ ಹನಿಗಟ್ಟಿ ಇಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳಕ್ಕೆ ಹೋಗಿ ಅಲ್ಲಿಯೇ ಕೂತು ಲೋಹವನ್ನು ತಿನ್ನುತ್ತದೆ. ಹೊರಗಿನ ಕಾರಣವಂತೂ ನಮ್ಮ ಕೈಯಾರೆ ಆದದ್ದು. ಮೈಲುತುತ್ತವನ್ನೂ ಪೊಟ್ಯಾಷ್ ಗೊಬ್ಬರವನ್ನೂ ಜೀಪಿನಲ್ಲಿ ಸಾಗಿಸದ ಬೆಳೆಗಾರರು ಯಾರಿದ್ದಾರೆ? ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಲದಿದ್ದರೆ ಅದ್ದಿದ ಚಾಕುವಿನ ಮೇಲೆ ಕೆಂಪು ತಾಮ್ರ ಕೂರುವುದನ್ನು ನಾವೆಲ್ಲ ಕಂಡಿದ್ದೇವೆ. ಚಾಕುವಿಗೆ ಆದದ್ದೇ ಟ್ಯಾಂಕಿನ ತಗಡಿಗೂ ಆಗುತ್ತದೆ. ಪೊಟ್ಯಾಷಿನಲ್ಲಿರುವ ಕ್ಲೋರೈಡ್ ಉಪ್ಪಿನ ಗುಣವೂ ಇದೇ. ಚೀಲದಿಂದ ಸೋರಿದ್ದು ಮಳೆನೀರಿನ ಜೊತೆ ಟ್ಯಾಂಕಿನಡಿಯ ತಗ್ಗಿಗೆ ಇಳಿಯುತ್ತದೆ, ನೀರು ಹೋಗುವ ತೂತು ಕೆಸರಿನಿಂದ ಮುಚ್ಚಿಕೊಂಡಿರುತ್ತದೆ.

ಈಗ ಇದಕ್ಕೆ ಎಥನಾಲ್ ಸೇರಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಯಾದ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲು ಇಂದು ಬಹುತೇಕ ಬಂಕುಗಳಲ್ಲಿ ಸಿಗುತ್ತಿದೆ. ಚನ್ನರಾಯಪಟ್ಟಣದ ಕಬ್ಬು ಬೆಳೆಗಾರರಿಗೆ ಇದರಿಂದ ಒಳ್ಳೆಯದಾದರೆ ನಮಗೂ ಸಂತೋಷವೇ, ಆದರೆ ಹಳೆಯ ಟ್ಯಾಂಕಿಗೆ ಒಳ್ಳೆಯದಲ್ಲ. ಎಥನಾಲ್ ನೀರನ್ನು ಸೆಳೆದುಕೊಳ್ಳುತ್ತದೆ. ನೀರು ಹೆಚ್ಚಾದಾಗ ಅದರೊಡನೆ ಬೇರ್ಪಟ್ಟು ತಳದಲ್ಲಿ ನಿಲ್ಲುತ್ತದೆ. ಹಳೆಯ ರಬ್ಬರ್ ಪೈಪುಗಳನ್ನೂ ಮೆತ್ತಗೆ ಮಾಡುತ್ತದೆ.

ಟ್ಯಾಂಕು ಸೋರಿದೊಡನೆ ಬೆಸುಗೆ ಹಾಕಿಸುವ ಅಭ್ಯಾಸವೊಂದಿದೆ. ಇದನ್ನು ಬಲವಾಗಿ ವಿರೋಧಿಸುತ್ತೇವೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯಕಾರಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಟ್ಯಾಂಕಿನೊಳಗೆ ಗಾಳಿಯೊಡನೆ ಬೆರೆತು ನಿಲ್ಲುತ್ತದೆ. ತೊಳೆದು ಒಣಗಿಸಿದ ಮೇಲೂ ತುಕ್ಕಿನ ಚಕ್ಕೆಗಳಲ್ಲಿ, ಮಡಿಕೆಗಳಲ್ಲಿ ಉಳಿದ ಅಂಶ ಬಿಸಿ ತಾಗಿದಾಗ ಹೊರಬಂದು ಸಿಡಿಯಬಹುದು. ಒಂದು ತೂತು ಕಂಡಿತೆಂದರೆ ಸುತ್ತಲ ತಗಡೂ ಕಾಗದದಂತೆ ಆಗಿರುತ್ತದೆ. ಬೆಸುಗೆ ಹಾಕಿದ ಪಕ್ಕದಲ್ಲಿಯೇ ಮತ್ತೊಂದು ಬಾಯಿ ಬಿಡುತ್ತದೆ. ಒಳಗೆ ಎಪಾಕ್ಸಿ ಬಳಿಯುವುದು ಗಟ್ಟಿ ತಗಡಿಗೆ ಸರಿ, ಚಕ್ಕೆ ಏಳುತ್ತಿರುವ ತಗಡಿನ ಮೇಲೆ ಅದೂ ಸುಲಿದು ಬಂದು ಪೈಪನ್ನೇ ಕಟ್ಟುತ್ತದೆ. ಡ್ರೈವರು ಕೂರುವುದು ಈ ಟ್ಯಾಂಕಿನ ಮೇಲೆ ಅಥವಾ ಪಕ್ಕದಲ್ಲಿ. ಅಲ್ಲಿ ಬೀಡಿ ಹಚ್ಚುವವರೂ ಇದ್ದಾರೆ. ಆದ್ದರಿಂದ ಹೊಸದನ್ನೇ ಹಾಕಿಸುವುದು ಲೇಸು.

ಮೊದಲು ಬ್ಯಾಟರಿಯ ಅರ್ತ್ ತಂತಿ ಬಿಚ್ಚಬೇಕು. ಬಯಲಿನಲ್ಲಿ, ಒಲೆ, ಡ್ರೈಯರ್, ಮೋಟಾರುಗಳಿಂದ ದೂರದಲ್ಲಿ ಕೆಲಸ ಮಾಡತಕ್ಕದ್ದು. ಪೆಟ್ರೋಲನ್ನು ಬಾಯಿಂದ ಹೀರಿ ತೆಗೆಯುವುದು ಬೇಡ. ಕೈಪಂಪಿನಿಂದ ತೆಗೆದು ಲೋಹದ ಕ್ಯಾನಿಗೆ ತುಂಬಿ ಮುಚ್ಚಿಡಬೇಕು. ಪಟ್ಟಿಯ ಬೋಲ್ಟುಗಳಿಗೆ ಹಿಂದಿನ ದಿನವೇ ಎಣ್ಣೆ ಬಿಟ್ಟಿದ್ದರೆ ಮುರಿಯುವುದಿಲ್ಲ. ಗ್ಯಾಸ್ ಕಟ್ಟರ್ ಅಲ್ಲಿಗೆ ತರಲೇಬಾರದು. ಟ್ಯಾಂಕು ಮೇಲೆದ್ದ ನಂತರ ಕೆಳಗಿನ ತಗ್ಗನ್ನು ಕೆರೆದು ತೊಳೆದು, ಮುಚ್ಚಿದ ತೂತು ಬಿಡಿಸಿ, ತುಕ್ಕು ತಡೆಯುವ ಬಣ್ಣ ಹೊಡೆಯಬೇಕು. ಇದನ್ನು ಬಿಟ್ಟು ಕೂರಿಸಿದ ಹೊಸ ಟ್ಯಾಂಕಿಗೂ ಹಳೆಯದರ ಗತಿಯೇ.

ಸಿದ್ಧ ಟ್ಯಾಂಕು ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ಸಿಗದಿದ್ದರೆ ಮಾಡಿಸಬಹುದು, ಆದರೆ ಜಿ.ಐ. ತಗಡು ಬೇಡ, ಎಥನಾಲ್ ಮತ್ತು ತೇವ ಸೇರಿದಾಗ ಅದರ ಸತುವಿನ ಲೇಪ ಬಿಳಿ ಪುಡಿಯಾಗಿ ಉದುರುತ್ತದೆ. ಆರ್ಗಾನ್ ಬೆಸುಗೆ ಬಲ್ಲವರಿದ್ದರೆ ಸ್ಟೇನ್‌ಲೆಸ್ ತಗಡಿನದೇ ಮೇಲು ಎಂಬುದು ನಮ್ಮ ಅಭಿಪ್ರಾಯ, ಖರ್ಚು ಒಂದಿಷ್ಟು ಹೆಚ್ಚಾದರೂ. ಒಳಗೆ ಪೆಟ್ರೋಲ್ ಅಲುಗದಂತೆ ಅಡ್ಡ ತಗಡು ಇರಲಿ. ಮುಚ್ಚಳದ ಗಾಳಿತೂತು ತೆರೆದಿದೆಯೇ ನೋಡಿ. ಅದು ಮುಚ್ಚಿದ್ದರೂ ಗಾಡಿ ಏರಿನಲ್ಲಿ ನಿಲ್ಲುತ್ತದೆ, ಹೊಸ ಟ್ಯಾಂಕಿಗೆ ಅಪವಾದ ಬರುತ್ತದೆ. ತಗಡಿಗೆ ತಗಡು ತಾಗದಂತೆ ರಬ್ಬರ್ ಪಟ್ಟಿ, ಎಥನಾಲ್ ತಡೆಯುವ ಹೊಸ ಪೈಪು, ಹೊಸ ಫಿಲ್ಟರು, ಗೇಜಿಗೆ ಒಳ್ಳೆಯ ಅರ್ತ್. ಐದು ಲೀಟರ್ ಹಾಕಿ ಒಂದು ರಾತ್ರಿ ಬಯಲಿನಲ್ಲಿ ಬಿಟ್ಟು, ಸೋರಿಕೆಯಿಲ್ಲವೆಂದು ಖಾತ್ರಿಯಾದ ಮೇಲೆ ತುಂಬಿಸಿ.

ದಿನವೂ ಓಡುವ ಗಾಡಿಯ ಟ್ಯಾಂಕು ತುಂಬಿಯೇ ಇರಲಿ. ಮಳೆಗಾಲವೆಲ್ಲ ನಿಲ್ಲಿಸುವುದಾದರೆ ಪೂರ್ತಿ ಖಾಲಿ ಮಾಡಿ ಒಣಗಿಸಿಡುವುದು ಉತ್ತಮ. ಪವರ್ ಸ್ಪ್ರೇಯರ್, ಕಳೆ ಕತ್ತರಿಸುವ ಯಂತ್ರ, ಹಳೆಯ ಯೆಜ್ಡಿ ಮೋಟಾರ್ ಸೈಕಲ್ಲಿಗೂ ಇದು ಅನ್ವಯಿಸುತ್ತದೆ.

50 ವರ್ಷ ದಾಟಿದ ಜೀಪುಳ್ಳವರಿಗೆ ಇನ್ನೊಂದು ಮಾತು. 2021ರ ಕೇಂದ್ರ ನಿಯಮದಂತೆ ವಿಂಟೇಜ್ ಎಂದು ನೋಂದಣಿ ಮಾಡಿಸಿದ ಗಾಡಿಯನ್ನು ರಸ್ತೆಯಲ್ಲಿ ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ತೋಟದ ಕೆಲಸಕ್ಕೆ ಬೇಕೆನ್ನುವವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳಬೇಕು.

ತೆಗೆದ ಹಳೆಯ ಟ್ಯಾಂಕನ್ನು ಕೊಯ್ದು ದನಕ್ಕೆ ಬಾನಿ ಮಾಡುವ ಯೋಚನೆ ಬಿಡಿ. ಗುಜರಿಯವರಿಗೆ ಕೊಡುವಾಗ ಇದು ಪೆಟ್ರೋಲ್ ಟ್ಯಾಂಕೆಂದು ಬಾಯಿಬಿಟ್ಟು ಹೇಳಿಯೇ ಕೊಡಿ.