ಆಸ್ಟಿಯೋಪತಿ ಕಾಲೇಜು: ಯಾವುದು ಬೇಡ?

1864ರಲ್ಲಿ ಅಮೆರಿಕದ ವೈದ್ಯ ಆಂಡ್ರೂ ಟೇಲರ್ ಸ್ಟಿಲ್‌ನ ಮೂವರು ಮಕ್ಕಳು ಮೆದುಳುಜ್ವರಕ್ಕೆ ಬಲಿಯಾದರು. ಅಂದಿನ ಔಷಧಗಳಲ್ಲಿ ಅವನಿಗಿದ್ದ ವಿಶ್ವಾಸ ಅಳಿಯಿತು. ಮೂಳೆ, ಸ್ನಾಯುಗಳನ್ನು ಕೈಯಿಂದಲೇ ಸರಿಪಡಿಸಿದರೆ ದೇಹ ತನ್ನನ್ನು ತಾನೇ ಗುಣಪಡಿಸಿಕೊಳ್ಳುವುದೆಂದು ಅವನು 1874ರಲ್ಲಿ ಸಾರಿದನು. ಆ ‘ಆಸ್ಟಿಯೋಪತಿ’ಯನ್ನು ಕಲಿಸುವ ಮೊದಲ ಶಾಲೆ 1892ರಲ್ಲಿ ಮಿಸೌರಿ ಸಂಸ್ಥಾನದ ಕರ್ಕ್ಸ್‌ವಿಲ್ ಊರಿನಲ್ಲಿ ತೆರೆಯಿತು.

ಇಂದಿನ ಸ್ಥಿತಿ ಬೇರೆ. ಅಮೆರಿಕದಲ್ಲಿ ಡಿ.ಒ. ಪದವೀಧರರು ಎಂ.ಡಿ.ಗಳಂತೆಯೇ ಪೂರ್ಣ ವೈದ್ಯರು. ಐವತ್ತು ಸಂಸ್ಥಾನಗಳಲ್ಲಿಯೂ ಔಷಧ ಕೊಡಲು, ಶಸ್ತ್ರಕ್ರಿಯೆ ನಡೆಸಲು ಅಧಿಕಾರವುಳ್ಳವರು. ಅಲ್ಲಿಯ ವೈದ್ಯ ವಿದ್ಯಾರ್ಥಿಗಳಲ್ಲಿ ಕಾಲುಭಾಗಕ್ಕೂ ಮಿಕ್ಕವರು ಆಸ್ಟಿಯೋಪತಿ ಕಾಲೇಜುಗಳವರು. ಬೇಡಿಕೆ ಬೆಳೆದಂತೆ ಕಾಲೇಜುಗಳೂ ಬೆಳೆದಿವೆ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲವಷ್ಟೆ! ಇವುಗಳಲ್ಲಿ ಯಾವುದರಿಂದ ದೂರವಿರಬೇಕು?

ನಾಲ್ಕು ವರ್ಷದ ಓದಿನಲ್ಲಿ ಮೊದಲೆರಡು ವರ್ಷ ಬಹುಮಟ್ಟಿಗೆ ಪಾಠ, ಪ್ರಯೋಗಶಾಲೆಗಳಲ್ಲಿ ಕಳೆಯುತ್ತವೆ. ಉಳಿದೆರಡು ವರ್ಷ ರೋಗಿಯ ಬಳಿಯಲ್ಲಿ ಕಳೆಯಬೇಕಾದವು. ಅನೇಕ ಆಸ್ಟಿಯೋಪತಿ ಕಾಲೇಜುಗಳಿಗೆ ಸ್ವಂತ ಆಸ್ಪತ್ರೆಯಿಲ್ಲ. ವಿದ್ಯಾರ್ಥಿಗಳನ್ನು ದೂರದೂರದ ಊರುಗಳ ಆಸ್ಪತ್ರೆಗಳಿಗೆ ಹಂಚಿ ಕಳುಹಿಸುತ್ತಾರೆ. ಒಪ್ಪಂದ ಗಟ್ಟಿಯಾಗಿದ್ದರೆ ಇದು ದೋಷವಲ್ಲ. ಸಣ್ಣ ಆಸ್ಪತ್ರೆಯಲ್ಲಿ ವಿದ್ಯಾರ್ಥಿಯ ಕೈಗೆ ಹೆಚ್ಚು ಕೆಲಸ ದೊರೆಯುವುದೂ ಉಂಟು. ಒಪ್ಪಂದ ಸಡಿಲವಾಗಿದ್ದರೆ ಮಾತ್ರ ತೊಂದರೆ. ಆಗ ಕಲಿಯುವ ಸ್ಥಳವನ್ನು ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕು; ಒಬ್ಬ ವೈದ್ಯರ ಹಿಂದೆ ನಿಂತು ನೋಡಿದುದನ್ನೇ ಕಲಿಕೆಯೆಂದು ಎಣಿಸಬೇಕು. ನೀರಿಗಿಳಿಯದೆ ಈಜು ಬಂದೀತೆ? “ಮೂರನೆಯ ವರ್ಷ ಯಾವ ಆಸ್ಪತ್ರೆಯ ಯಾವ ವಿಭಾಗದಲ್ಲಿರುತ್ತೇನೆ?” ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಡಲಾರದ ಕಾಲೇಜು ಬೇಡವೇ ಬೇಡ.

ಎರಡನೆಯದು ಫಲಿತಾಂಶ. ‘ಕಾಮ್‌ಲೆಕ್ಸ್’ ಪರೀಕ್ಷೆಯ ಮೊದಲ ಹಂತದಲ್ಲಿ 2022ರಿಂದ ಅಂಕಗಳಿಲ್ಲ. ತೇರ್ಗಡೆ ಇಲ್ಲವೆ ಅನುತ್ತೀರ್ಣ, ಅಷ್ಟೆ. ಆದುದರಿಂದ ಮೊದಲ ಯತ್ನದಲ್ಲಿ ಎಷ್ಟು ಮಂದಿ ತೇರ್ಗಡೆಯಾದರೆಂಬುದನ್ನು ನೋಡಬೇಕು. ಕಾಲೇಜಿಗೆ ಸೇರಿದವರೆಷ್ಟು, ನಾಲ್ಕು ವರ್ಷದಲ್ಲಿ ಮುಗಿಸಿದವರೆಷ್ಟು ಎಂಬುದನ್ನೂ ಜೊತೆಗಿಟ್ಟು ಓದಬೇಕು. ದುರ್ಬಲರನ್ನು ನಡುವೆಯೇ ಕೈಬಿಟ್ಟರೆ ಉಳಿದವರ ಫಲಿತಾಂಶ ಹೊಳೆಯುವುದು ಸಹಜ.

ಮೂರನೆಯದು ‘ರೆಸಿಡೆನ್ಸಿ’, ಅಂದರೆ ಪದವಿಯ ನಂತರದ ಆಸ್ಪತ್ರೆ ತರಬೇತಿ. ಅದಿಲ್ಲದೆ ಸ್ವತಂತ್ರ ವೃತ್ತಿಯಿಲ್ಲ. ಈ ತರಬೇತಿಗೆ 2020ರಿಂದ ಡಿ.ಒ., ಎಂ.ಡಿ. ಎರಡಕ್ಕೂ ಒಂದೇ ಮಾನ್ಯತಾ ವ್ಯವಸ್ಥೆ. ಸ್ಥಾನ ದೊರೆತವರ ಸಂಖ್ಯೆಯಷ್ಟೇ ಸಾಲದು. ಬಯಸಿದ ವಿಭಾಗ ದೊರೆಯಿತೇ, ಒಂದು ವರ್ಷದ ತಾತ್ಕಾಲಿಕ ಸ್ಥಾನವೇ ಎಂಬುದನ್ನೂ ವಿಚಾರಿಸಬೇಕು.

ಹೊಸ ಕಾಲೇಜೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬೇಕಾಗಿಲ್ಲ. ಆದರೆ ಮೊದಲ ತಂಡ ಹೊರಬರುವವರೆಗೆ ಅದರ ಫಲವನ್ನು ಅಳೆಯಲು ಯಾವ ಆಧಾರವೂ ಇರದು. ಸಾಲ ಮಾಡಿ ಸೇರುವವನು ಇದನ್ನು ಮರೆಯಬಾರದು; ಓದು ಮುಗಿಯುವಾಗ ಹಲವರ ತಲೆಯ ಮೇಲೆ ಎರಡು ಲಕ್ಷ ಡಾಲರಿಗೂ ಮೀರಿದ ಸಾಲವಿರುತ್ತದೆ. ನಡುವೆ ಓದು ನಿಂತರೂ ಸಾಲ ನಿಲ್ಲದು.

1910ರಲ್ಲಿ ಏಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕದ ವೈದ್ಯಶಾಲೆಗಳನ್ನು ಪರೀಕ್ಷಿಸಿ ವರದಿ ಬರೆದಾಗ ಆಸ್ಟಿಯೋಪತಿ ಶಾಲೆಗಳನ್ನೂ ಕಟುವಾಗಿ ಟೀಕಿಸಿದನು. ಪ್ರಯೋಗಶಾಲೆ ಎಲ್ಲಿ, ರೋಗಿಗಳೆಲ್ಲಿ ಎಂಬುದೇ ಅವನ ಪ್ರಶ್ನೆ. ಭವ್ಯ ಕಟ್ಟಡವನ್ನೂ ಬಣ್ಣದ ವಿವರಣ ಪತ್ರಿಕೆಯನ್ನೂ ಕಂಡು ಮರುಳಾಗುವ ಮುನ್ನ ಇಂದಿನ ಅಭ್ಯರ್ಥಿಯೂ ಅದನ್ನೇ ಕೇಳುವುದು ಲೇಸು. ಅವನ ಕಲಿಕೆಯ ಕೊರತೆಯನ್ನು ನಾಳೆ ಅನುಭವಿಸುವವನು ರೋಗಿಯಲ್ಲವೇ?