ಮೇದೋಜೀರಕದ ಹರಳು ಮತ್ತು ಗುಪ್ತ ರಕ್ತಸ್ರಾವ

ಪುಣೆಯ ಗುಲ್ಟೇಕಡಿಯಲ್ಲಿರುವ ಮಾರ್ಕೆಟ್ ಯಾರ್ಡಿನಲ್ಲಿ ಬೆಳಕು ಹರಿಯುವ ಮುನ್ನವೇ ವ್ಯವಹಾರ ಆರಂಭವಾಗುತ್ತದೆ. ಕನ್ನಡ ನಾಡಿನಿಂದ ಬಂದು ಇಲ್ಲಿ ಮೂಟೆ ಹೊರುವವರಿಗಾಗಲೀ ಗದ್ದಿಗೆಯಲ್ಲಿ ಕುಳಿತು ಲೆಕ್ಕ ಬರೆಯುವವರಿಗಾಗಲೀ ಹೊಟ್ಟೆನೋವು ರಜೆ ಹಾಕುವಂಥ ಕಾರಣವಲ್ಲ. ಒಂದು ಸೋಡಾ, ಒಂದು ಮಾತ್ರೆ. ಅಲ್ಲಿಗೆ ಚಿಕಿತ್ಸೆ ಮುಗಿಯಿತು. ಆದರೆ ಎಲ್ಲ ನೋವೂ ಆಮ್ಲಪಿತ್ತದಿಂದ ಬಂದುದಲ್ಲ.

ಜಠರದ ಹಿಂದೆ ಅಡ್ಡಲಾಗಿರುವ ಮೇದೋಜೀರಕ ಗ್ರಂಥಿಯು ಪಚನರಸವನ್ನೂ ಇನ್ಸುಲಿನ್ನನ್ನೂ ಉತ್ಪಾದಿಸುತ್ತದೆ. ಅದು ದೀರ್ಘಕಾಲ ಉರಿಯೂತಕ್ಕೆ ಒಳಗಾದರೆ ಅದರ ನಾಳದಲ್ಲಿ ಸುಣ್ಣದ ಅಂಶ ಗಟ್ಟಿಗೊಂಡು ಹರಳಾಗಬಹುದು. ಮದ್ಯ ಮತ್ತು ತಂಬಾಕು ಇದಕ್ಕೆ ಪ್ರಮುಖ ಕಾರಣಗಳು. ಆದರೆ ಕೇರಳದ ವೈದ್ಯ ಡಾ. ಗೀವರ್ಗೀಸ್ ಅವರು 1960ರ ದಶಕದಲ್ಲಿ, ಮದ್ಯ ಮುಟ್ಟದ ಎಳೆಯರಲ್ಲಿಯೂ ಇಂತಹ ಹರಳುಗಳಿರುವುದನ್ನು ವಿವರವಾಗಿ ವರ್ಣಿಸಿದರು. ಆಗ ಮರಗೆಣಸಿನ ಆಹಾರದ ಮೇಲೆ ಸಂಶಯವಿತ್ತು; ಇಂದು ಅನುವಂಶಿಕತೆಯ ಪಾತ್ರವೂ ತಿಳಿದುಬಂದಿದೆ.

ಅಪರೂಪವಾಗಿ ಈ ಉರಿಯೂತವೋ ಹರಳೋ ನೆರೆಯ ಅಪಧಮನಿಯ, ಹೆಚ್ಚಾಗಿ ಗುಲ್ಮಕ್ಕೆ ಹೋಗುವ ಅಪಧಮನಿಯ, ಗೋಡೆಯನ್ನು ಸವೆಸುತ್ತದೆ. ದುರ್ಬಲವಾದ ಗೋಡೆ ಉಬ್ಬಿ ಒಡೆದಾಗ ರಕ್ತವು ನಾಳದ ಮೂಲಕ ಕರುಳಿಗೆ ಇಳಿಯುತ್ತದೆ. 1931ರಲ್ಲಿ ಮೊದಲು ವರದಿಯಾದ ಈ ಸ್ಥಿತಿಗೆ 1970ರಲ್ಲಿ ಸ್ವೀಡನ್ನಿನ ಶಸ್ತ್ರವೈದ್ಯ ಸ್ಯಾಂಡ್‌ಬ್ಲೋಮ್ ಅವರು 'ಹೀಮೋಸಕ್ಕಸ್ ಪ್ಯಾಂಕ್ರಿಯಾಟಿಕಸ್' ಎಂದು ಹೆಸರಿಟ್ಟರು.

ಇದರ ಅಪಾಯವಿರುವುದು ಕಣ್ಣುಮುಚ್ಚಾಲೆಯಾಟದಲ್ಲಿ. ರಕ್ತ ಹೆಪ್ಪುಗಟ್ಟಿ ನಾಳ ಕಟ್ಟಿಕೊಂಡಾಗ ನೋವು ಏರುತ್ತದೆ; ಹೆಪ್ಪು ಜಾರಿದೊಡನೆ ನೋವು ಇಳಿದು, ಮಲ ಡಾಂಬರಿನಂತೆ ಕಪ್ಪಾಗುತ್ತದೆ. ಬಳಿಕ ಕೆಲವು ದಿನ ಎಲ್ಲವೂ ಶಾಂತ. ಆ ಅವಧಿಯಲ್ಲಿ ಎಂಡೋಸ್ಕೋಪಿ ಮಾಡಿದರೆ ಏನೂ ಕಾಣದಿರಬಹುದು. 'ವರದಿ ಸರಿಯಿದೆ' ಎಂದು ರೋಗಿ ಮತ್ತೆ ಮೂಟೆಗೆ ಹೆಗಲು ಕೊಡುತ್ತಾನೆ. ಲೆಕ್ಕಕ್ಕೆ ಸಿಗದ ಸೋರಿಕೆಯಿಂದ ತಿಜೋರಿ ಬರಿದಾಗುವಂತೆ ಅವನ ಶರೀರದಲ್ಲಿ ರಕ್ತ ಕ್ಷೀಣಿಸುತ್ತದೆ.

ರಕ್ತನಾಳಗಳನ್ನು ತೋರಿಸುವ ಸಿ.ಟಿ. ಆಂಜಿಯೋಗ್ರಫಿಯಿಂದ ಸೋರುವ ಸ್ಥಳವನ್ನು ಗುರುತಿಸಬಹುದು. ತೊಡೆಸಂದಿಯ ರಕ್ತನಾಳದ ಮೂಲಕ ಸಣ್ಣ ನಳಿಕೆ ತೂರಿಸಿ, ಲೋಹದ ಸುರುಳಿಗಳಿಂದ ಆ ಸ್ಥಳವನ್ನು ಮುಚ್ಚುತ್ತಾರೆ. ಇದು ಫಲಿಸದಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುವುದುಂಟು. ಆದರೆ ಅದು ಅಂಟಂಟಾಗಿ ದುರ್ನಾತ ಬೀರುತ್ತಿದ್ದರೆ, ತಲೆಸುತ್ತು ಬಂದರೆ, ತಡಮಾಡದೆ 108ಕ್ಕೆ ಕರೆಮಾಡಬೇಕು ಅಥವಾ ಸಸೂನ್‌ನಂತಹ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು. ಹಳೆಯ ನೋವನ್ನೂ ಮದ್ಯಪಾನದ ಅಭ್ಯಾಸವನ್ನೂ ವೈದ್ಯರಿಂದ ಮುಚ್ಚಿಡಬಾರದು. ಊರಿನಲ್ಲಿ ಹಾದಿ ಕಾಯುವವರಿಗೆ ಒಂದು ದಿನದ ಕೂಲಿಗಿಂತ ದುಡಿಯುವವನ ಜೀವ ದೊಡ್ಡದು.